ಗರಡಿಯ ಸಾಮು, ಮನೆಯ ಅಡುಗೆ

ನಡುಗನ್ನಡ ಕಾವ್ಯಗಳಲ್ಲಿ ‘ಗರುಡಿ’ ಎಂದು ಕಾಣಿಸಿಕೊಳ್ಳುವ ಶಬ್ದವೇ ಇಂದು ಜನರ ಬಾಯಲ್ಲಿ ‘ಗರಡಿ’ಯಾಗಿದೆ. ಗರಡಿಯಲ್ಲಿ ನಡೆಯುವ ಅಭ್ಯಾಸಕ್ಕೆ ‘ಸಾಮು’ ಎಂದು ಹೆಸರು. ಇದು ಸಂಸ್ಕೃತದ ‘ಶ್ರಮ’ ಶಬ್ದದ ತದ್ಭವವೆಂಬುದು ನಿಘಂಟುಕಾರರ ಅಭಿಪ್ರಾಯ. ಹಳೆಯ ‘ಜ್ಯೇಷ್ಠಿ’ಯು ‘ಜೆಟ್ಟಿ’ಯಾಯಿತು. ಕಾಲಾಂತರದಲ್ಲಿ ಪೈಲವಾನ, ತಾಲೀಮು, ವಸ್ತಾದ ಎಂಬ ಪಾರಸಿ ಮತ್ತು ಅರಬ್ಬಿ ಮೂಲದ ಮಾತುಗಳು ಉತ್ತರ ಕರ್ನಾಟಕದ ಗರಡಿಗಳಲ್ಲಿ ಬಂದು ನೆಲೆಸಿದವು. ಅವುಗಳ ಜೊತೆಯಲ್ಲಿಯೇ ಬಂದ ಇನ್ನೊಂದು ಮಾತು ‘ಖುರಾಕು’. ಅದರ ಅರ್ಥ ಆಹಾರ ಎಂಬುದಷ್ಟೆ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಖುರಾಕು ಎಂದರೆ ಮನೆಮಂದಿಯೆಲ್ಲ ಉಣ್ಣುವ ಊಟವಲ್ಲ. ಪೈಲವಾನನೊಬ್ಬನಿಗಾಗಿಯೇ ಬೇರೆ ತಂದಿರಿಸುವ ಬಾದಾಮಿ, ತುಪ್ಪ, ಗಸಗಸೆ, ಹಾಲು. ಒಂದು ಶಬ್ದದ ಅರ್ಥವು ಹೀಗೆ ಸಂಕೋಚಗೊಂಡುದರಿಂದ ಆಗಿರುವ ಹಾನಿ ಸಣ್ಣದಲ್ಲ.

ಹುಡುಗನೊಬ್ಬನು ಲಂಗೋಟ ಕಟ್ಟಿ ಗರಡಿಗೆ ಇಳಿಯುತ್ತೇನೆಂದಾಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ಅವನು ಎಷ್ಟು ಸಾಮು ಮಾಡಬೇಕೆಂಬುದಲ್ಲ. ಅವನಿಗೆ ಏನು ತಿನ್ನಿಸಬೇಕು, ಅದಕ್ಕೆ ಹಣವೆಲ್ಲಿಯದು ಎಂಬುದು. ಅನುಕೂಲವಂತರ ಮನೆಯಲ್ಲಿ ಸಾಮು ಹತ್ತಾಣೆಯಷ್ಟಿದ್ದರೆ ಖುರಾಕು ಮೂವತ್ತೆರಡಾಣೆಯಷ್ಟಾಗಿ ಹುಡುಗನು ಮಲ್ಲನಾಗುವ ಬದಲು ಸ್ಥೂಲಕಾಯನಾಗುತ್ತಾನೆ. ಬಡವರ ಮನೆಯಲ್ಲಿ ಬಾದಾಮಿ ಕೊಳ್ಳಲಾರದ ತಂದೆಯು, ಒಳ್ಳೆಯ ಮೈಕಟ್ಟಿನ ಮಗನನ್ನು ಗರಡಿಯಿಂದಲೇ ಬಿಡಿಸಿಬಿಡುತ್ತಾನೆ. ಇನ್ನು ಕುಸ್ತಿ ಬಿಟ್ಟು ಹತ್ತು ವರ್ಷವಾದರೂ ಹಳೆಯ ಊಟವನ್ನು ಬಿಡದೆ, ನಲವತ್ತೈದರ ಪ್ರಾಯದಲ್ಲಿಯೇ ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಗುರಿಯಾದ ಪೈಲವಾನರು ಪ್ರತಿಯೊಂದು ದೊಡ್ಡ ಊರಿನಲ್ಲಿಯೂ ಕಾಣಸಿಗುತ್ತಾರೆ. ಈ ಮೂರೂ ಅನರ್ಥಗಳ ಮೂಲ ಒಂದೇ: ಊಟವನ್ನೂ ಸಾಮನ್ನೂ ಒಂದರಿಂದೊಂದು ಅಗಲಿಸಿ ನೋಡುವುದು. ಊಟವು ಸಾಮಿನ ಹಿಂದೆ ನಡೆಯತಕ್ಕದ್ದು, ಮುಂದೆ ಅಲ್ಲ. ಮತ್ತು ಆ ಊಟಕ್ಕೆ ಬೇಕಾದುದೆಲ್ಲವೂ ಈ ನಾಲ್ಕು ತಾಲೂಕುಗಳ ಹೊಲಗಳಲ್ಲಿಯೇ ಬೆಳೆಯುತ್ತದೆ.

ವಿಶೇಷ ಖುರಾಕಿನ ಕಲ್ಪನೆ ಹೇಗೆ ಬಂದಿತೆಂಬುದನ್ನು ಇತಿಹಾಸವೇ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲ ಇವುಗಳಿಗೆ ಅನುಸಾರವಾಗಿ ವಿಂಗಡಿಸುವ ಕ್ರಮವೂ, ಅವರು ಮಾಡತಕ್ಕ ವ್ಯಾಯಾಮವೂ, ಅವರಿಗೆ ಕೊಡತಕ್ಕ ಆಹಾರವೂ ಅಲ್ಲಿ ಹೇಳಲ್ಪಟ್ಟಿವೆ. ದ್ವಿದಳ ಧಾನ್ಯ, ಮಾಂಸ, ಹಾಲು, ಸಕ್ಕರೆ, ಉತ್ತಮ ಭಕ್ಷ್ಯಗಳು—ಇವುಗಳನ್ನೆಲ್ಲ ಒದಗಿಸುವ ಹೊಣೆ ಅರಸನದು. ಇಲ್ಲಿ ಲಕ್ಷ್ಯದಲ್ಲಿಡತಕ್ಕ ಸಂಗತಿಯೆಂದರೆ, ಆ ಮಲ್ಲರಿಗೆ ದೇಹವನ್ನು ಬೆಳೆಸುವುದರ ಹೊರತು ಬೇರೆ ಉದ್ಯೋಗವಿರಲಿಲ್ಲ, ಖರ್ಚು ಬೊಕ್ಕಸದ್ದು. ಇತ್ತೀಚಿನ ಕಾಲದಲ್ಲಿಯೂ ಕೊಲ್ಲಾಪುರದ ಶಾಹೂ ಮಹಾರಾಜರು ಕುಸ್ತಿಗೆ ಅಂಥದೇ ಆಶ್ರಯವನ್ನಿತ್ತರು. ಅವರ ಕಾಲದಲ್ಲಿ ಕಟ್ಟಿ ೧೯೧೨ರಲ್ಲಿ ಪೂರ್ಣವಾದ ಖಾಸಬಾಗ ಮೈದಾನವು ಇಂದಿಗೂ ಪ್ರಸಿದ್ಧವಾಗಿದೆ. ೧೯೪೮ರಲ್ಲಿ ರಾಮದುರ್ಗವೂ ಸೇರಿ ಈ ಭಾಗದ ಸಂಸ್ಥಾನಗಳು ವಿಲೀನವಾದುವು. ಅರಸರ ಆಶ್ರಯವು ಹೋಯಿತು. ಅರಮನೆಯ ಖುರಾಕಿನ ಕಲ್ಪನೆ ಮಾತ್ರ ಒಕ್ಕಲಿಗನ ಮನೆಗೆ ಬಂದು ಕುಳಿತಿತು. ಬೊಕ್ಕಸವಿಲ್ಲದವನು ಬೊಕ್ಕಸದ ಊಟವನ್ನು ಉಣಬೇಕೆಂಬ ಹಟವೇ ಈಗಿನ ತೊಡಕಿಗೆ ಕಾರಣ.

ಆದರೆ ಈ ಸೀಮೆಯಲ್ಲಿ ಇನ್ನೊಂದು ಪರಂಪರೆಯೂ ಇತ್ತು, ಅದು ಇದಕ್ಕಿಂತ ಹೆಚ್ಚು ಹತ್ತಿರದ್ದು. ಕಿತ್ತೂರ ಸಂಸ್ಥಾನದಲ್ಲಿ ಶೇತಸನದಿಗಳೆಂಬ ಒಂದು ವರ್ಗವಿತ್ತು. ಊರ ಕಾವಲು ಮತ್ತು ಯುದ್ಧಸೇವೆಗೆ ಪ್ರತಿಯಾಗಿ ಇವರಿಗೆ ಸಂಬಳವಲ್ಲ, ಭೂಮಿ ದೊರೆಯುತ್ತಿತ್ತು. ಸಂಗೊಳ್ಳಿಯ ರಾಯಣ್ಣನು ಇಂಥ ಶೇತಸನದಿ. ೧೮೨೪ರ ಅಕ್ಟೋಬರ ೨೩ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆಯ ಸೈನ್ಯವನ್ನು ಎದುರಿಸಿ ನಿಂತ ರಾಣಿ ಚೆನ್ನಮ್ಮನ ಬಲದಲ್ಲಿ ಇಂಥ ಹಳ್ಳಿಗಾಡಿನ ಯೋಧರೂ ಇದ್ದರು. ಅದೇ ರಾಯಣ್ಣನು ಮುಂದೆ ಹಿಡಿ ಜನರನ್ನು ಕಟ್ಟಿಕೊಂಡು ಕಾಡುಮೇಡುಗಳಲ್ಲಿ ಆಂಗ್ಲರನ್ನು ಕಾಡಿಸಿ, ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿದುದು ಎಲ್ಲರೂ ಬಲ್ಲ ಕಥೆ. ತನ್ನ ಹೊಲದಲ್ಲಿ ಬೆಳೆದುದನ್ನು ಉಂಡು, ಆ ಹೊಲದ ದುಡಿತದಿಂದಲೂ ಕಾವಲಿನ ತಿರುಗಾಟದಿಂದಲೂ ಮೈಯನ್ನು ಹದಗೊಳಿಸಿಕೊಳ್ಳುವುದೇ ಶೇತಸನದಿಯ ಜೀವನಕ್ರಮವಾಗಿತ್ತು. ಅವನ ಖುರಾಕು ಅವನ ಕಣಜದಲ್ಲಿತ್ತು.

ಆ ಕಣಜದಲ್ಲಿ ಏನಿದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ನಾಲ್ಕು ತಾಲೂಕುಗಳ ನೆಲ ಒಂದೇ ಬಗೆಯದಲ್ಲ. ಕಿತ್ತೂರ ಭಾಗವು ಮಲೆನಾಡಿನ ಸೆರಗು. ಮಳೆ ಹೆಚ್ಚು, ಭತ್ತವುಂಟು. ಬೈಲಹೊಂಗಲದಿಂದ ಮೂಡಣಕ್ಕೆ ಸಾಗಿದಂತೆ ಮಳೆ ಕಡಿಮೆಯಾಗಿ ಎರೆಯ ಭೂಮಿ ಹರಡಿಕೊಳ್ಳುತ್ತದೆ. ಸವದತ್ತಿ, ರಾಮದುರ್ಗಗಳ ಎರೆಯಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಗೋದಿ, ಕುಸುಬೆ ಬೆಳೆಯುತ್ತವೆ. ಮಸಾರಿ ನೆಲದಲ್ಲಿ ಶೇಂಗಾ, ಸಜ್ಜೆ, ಹೆಸರು, ಮಡಿಕೆ, ಹುರುಳಿ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾದ ಮೇಲೆ ಕಾಲುವೆಯ ಕೆಳಗಿನ ಹೊಲಗಳಲ್ಲಿ ನೀರಾವರಿಯ ಬೆಳೆಗಳೂ ಬಂದಿವೆ. ಎರೆಯೂರುಗಳಲ್ಲಿ ಕೂಡ ಗರಡಿಯ ಕಣಕ್ಕೆ ಕೆಮ್ಮಣ್ಣನ್ನೇ ತಂದು ಹಾಕಿ, ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರೆಸಿ ಹದಮಾಡುತ್ತಾರೆ. ಮೈಗೆ ಹತ್ತುವ ಮಣ್ಣು ಕೆಂಪು, ಹೊಟ್ಟೆಗೆ ಅನ್ನ ಕೊಡುವ ಮಣ್ಣು ಕಪ್ಪು!

ಜೋಳದ ರೊಟ್ಟಿಯನ್ನು ಬಡವರ ಊಟವೆಂದು ಕಡೆಗಣಿಸುವವರು ಅದರ ಲೆಕ್ಕವನ್ನು ನೋಡಿದವರಲ್ಲ. ಮಾಂಸಖಂಡಗಳು ಬೆಳೆಯಲು ಮತ್ತು ಸವೆದುದನ್ನು ತುಂಬಿಕೊಳ್ಳಲು ಬೇಕಾದ ಮುಖ್ಯ ದ್ರವ್ಯ ಸಸಾರಜನಕ, ಅಂದರೆ ಪ್ರೋಟೀನು. ಸಾಮಾನ್ಯ ಮನುಷ್ಯನಿಗೆ ದೇಹದ ತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ ೦.೮೩ ಗ್ರಾಂ ಪ್ರೋಟೀನು ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ೨೦೨೦ರಲ್ಲಿ ನಿಗದಿಪಡಿಸಿದೆ. ಕಠಿಣ ವ್ಯಾಯಾಮ ಮಾಡುವವರಿಗೆ ೧.೨ರಿಂದ ೨ ಗ್ರಾಂ ಬೇಕೆಂಬುದು ಕ್ರೀಡಾವೈದ್ಯರ ಸಾಮಾನ್ಯ ಮತ. ಐವತ್ತು ಕಿಲೋ ತೂಕದ, ದಿನವೂ ಗರಡಿಗೆ ಹೋಗುವ ಹುಡುಗನಿಗೆ ೧.೫ ಗ್ರಾಮಿನಂತೆ ಹಿಡಿದರೆ ದಿನಕ್ಕೆ ೭೫ ಗ್ರಾಂ ಆಯಿತು.

ಈಗ ಅಡುಗೆಮನೆಯನ್ನು ಹೊಕ್ಕು ನೋಡೋಣವಾಗಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ನೂರು ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ಪ್ರೋಟೀನಿದೆ. ರೊಟ್ಟಿಯೊಂದಕ್ಕೆ ೭೦ ಗ್ರಾಂ ಹಿಟ್ಟೆಂದರೆ ಹೊತ್ತೆರಡರ ಐದು ರೊಟ್ಟಿಗಳಿಂದ ೩೫ ಗ್ರಾಂ ದೊರೆಯಿತು. ಹೆಸರು, ಮಡಿಕೆ, ಹುರುಳಿ, ಕಡಲೆ ಇವುಗಳಲ್ಲಿ ಯಾವುದಾದರೊಂದನ್ನು ನೆನೆಹಾಕುವ ಮುಂಚಿನ ತೂಕದಲ್ಲಿ ನೂರು ಗ್ರಾಂ ತೆಗೆದುಕೊಂಡರೆ ೨೦ ಗ್ರಾಂ. ಒಂದು ಹಿಡಿ, ಅಂದರೆ ೪೦ ಗ್ರಾಂ ಶೇಂಗಾದಿಂದ ೯ ಗ್ರಾಂ. ಅರ್ಧ ಲೀಟರು ಎಮ್ಮೆಯ ಹಾಲು, ಅಥವಾ ಅದರ ಮೊಸರು, ೧೮ ಗ್ರಾಂ ಕೊಡುತ್ತದೆ. ಒಟ್ಟು ೮೨ ಗ್ರಾಂ. ಬೇಕಾದುದಕ್ಕಿಂತ ಏಳು ಗ್ರಾಂ ಹೆಚ್ಚೇ ಬಂದಿತು, ಬಾದಾಮಿಯ ಹೆಸರನ್ನೇ ಎತ್ತಲಿಲ್ಲ.

ಬಾದಾಮಿಯ ಬಗ್ಗೆ ದ್ವೇಷವೇನೂ ಬೇಕಿಲ್ಲ. ಅದು ಉತ್ತಮವಾದ ಬೀಜ. ರಾತ್ರಿ ನೆನೆಹಾಕಿ ಬೆಳಿಗ್ಗೆ ಅರೆದು ಕುಡಿಯುವ ಗರಡಿಯ ಥಂಡಾಯಿಗೆ ಅದರದೇ ರುಚಿಯುಂಟು. ಆದರೆ ನೂರು ಗ್ರಾಂ ಬಾದಾಮಿಯಲ್ಲಿ ಪ್ರೋಟೀನು ೧೮ರಿಂದ ೨೦ ಗ್ರಾಂ, ಅಷ್ಟೇ ಶೇಂಗಾದಲ್ಲಿ ೨೩ ಗ್ರಾಮಿಗೂ ಹೆಚ್ಚು. ಬೆಲೆಯಲ್ಲಿ ಬಾದಾಮಿ ಹಲವು ಪಟ್ಟು ಮೇಲು, ಬಲದಲ್ಲಿ ಶೇಂಗಾ ಕೀಳಲ್ಲ. ದುಬಾರಿಯಾದುದೇ ಬಲಕಾರಿ ಎಂಬ ತರ್ಕವು ಅಂಗಡಿಕಾರನಿಗೆ ಮಾತ್ರ ಹಿತಕಾರಿ. ಶೇಂಗಾ ಬೂಸಲು ಹಿಡಿಯದಂತೆ, ಚೆನ್ನಾಗಿ ಒಣಗಿದುದಾಗಿರಬೇಕು, ಅಷ್ಟೆ.

ಇನ್ನೊಂದು ಸೂಕ್ಷ್ಮವಿದೆ. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶವು ಕೊರತೆಯಾಗಿರುತ್ತದೆ. ದ್ವಿದಳ ಧಾನ್ಯಗಳಲ್ಲಿ ಅದು ಹೇರಳವಾಗಿದೆ. ಆದುದರಿಂದ ಬರಿಯ ರೊಟ್ಟಿಯನ್ನು ಎಷ್ಟು ತಿಂದರೂ ಮೈಗೆ ಪೂರ್ತಿ ಹತ್ತುವುದಿಲ್ಲ. ರೊಟ್ಟಿಯ ಜೊತೆಗೆ ಕಾಳುಪಲ್ಯವೋ ಬೇಳೆಯೋ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪೋಷಣಶಾಸ್ತ್ರ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಈ ಸೀಮೆಯ ತಾಯಂದಿರು ರೊಟ್ಟಿಗೆ ಮಡಿಕೆಕಾಳಿನ ಪಲ್ಯವನ್ನೂ, ಪುಂಡಿಪಲ್ಯಕ್ಕೆ ಬೇಳೆಯನ್ನೂ, ಮೇಲೆ ಗುರೆಳ್ಳು ಅಥವಾ ಅಗಸೆಯ ಹಿಂಡಿಯನ್ನೂ ಕೂಡಿಸಿ ಬಡಿಸುತ್ತ ಬಂದಿದ್ದಾರೆ. ಕಿತ್ತೂರ ಕಡೆಯ ಅನ್ನದ ಊಟದಲ್ಲಿಯೂ ಇದೇ ನಿಯಮ; ಆದರೆ ಅಕ್ಕಿಯಲ್ಲಿ ಪ್ರೋಟೀನೂ ನಾರಿನಂಶವೂ ಜೋಳಕ್ಕಿಂತ ಕಡಿಮೆಯಾದುದರಿಂದ ಅಲ್ಲಿ ಬೇಳೆಕಾಳಿನ ಪಾಲು ಹೆಚ್ಚಿರಬೇಕು. ಮಾಂಸ, ಮೊಟ್ಟೆಗಳನ್ನು ಉಣ್ಣುವ ಸಂಪ್ರದಾಯದವರಿಗೆ ಅವುಗಳಿಂದ ಪ್ರೋಟೀನು ಸುಲಭವಾಗಿ ದೊರೆಯುತ್ತದೆಂಬುದು ನಿಜ. ಶಾಕಾಹಾರಿಗಳು ಹಾಲು ಮೊಸರುಗಳನ್ನು ಮಾತ್ರ ಬಿಡತಕ್ಕದ್ದಲ್ಲ, ಏಕೆಂದರೆ ಬಿ-೧೨ ಎಂಬ ಜೀವಸತ್ವವು ಕಾಳುಕಡಿಗಳಲ್ಲಿ ಇಲ್ಲ.

ಊಟದ ಪ್ರಮಾಣವು ಸಾಮಿನಿಂದ ನಿರ್ಣಯವಾಗಬೇಕೆಂದ ಮೇಲೆ ಸಾಮಿನ ಪ್ರಮಾಣವೇನು? ಗರಡಿಯ ದಿನಚರಿಯಲ್ಲಿ ಕಣವನ್ನು ಗುದ್ದಲಿಯಿಂದ ಕೆದರಿ ಸಡಿಲಿಸುವುದೇ ಮೊದಲ ಸಾಮು. ತರುವಾಯ ದಂಡ, ಬಸ್ಕಿ; ದಂಡಕ್ಕಿಂತ ಬಸ್ಕಿ ಇಮ್ಮಡಿ ಎಂಬುದು ಅನೇಕ ವಸ್ತಾದರು ಇಟ್ಟುಕೊಂಡಿರುವ ಲೆಕ್ಕ. ಬಳಿಕ ಕರಲಾಕಟ್ಟೆ, ಗದೆ, ಹಗ್ಗ, ಮಲ್ಲಕಂಬ. ಕೊನೆಗೆ ಜೋಡಿಯ ಜೊತೆ ಪಟ್ಟುಗಳ ಅಭ್ಯಾಸ. ವಾಗ್ಭಟನೇ ಮೊದಲಾದ ಆಯುರ್ವೇದ ಗ್ರಂಥಕಾರರು, ಜಿಡ್ಡಿನ ಊಟವನ್ನುಣ್ಣುವ ಬಲಶಾಲಿಗಳು ಕೂಡ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ವ್ಯಾಯಾಮ ಮಾಡಬೇಕೆಂದು ವಿಧಿಸಿದ್ದಾರೆ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ ಬಾಯಿ ಒಣಗುವುದು ಅರ್ಧಶಕ್ತಿಯ ಲಕ್ಷಣ. ಇಂದಿನ ತರಬೇತುಗಾರರು ಸ್ಪರ್ಧೆಗಾಗಿ ಇದನ್ನು ಮೀರಿ ದುಡಿಸುತ್ತಾರೆ, ನಿಜ. ಆದರೆ ಅವರೂ ಕಠಿಣ ದಿನದ ಬೆನ್ನಿಗೆ ಹಗುರ ದಿನವನ್ನು ಇಟ್ಟೇ ಇಡುತ್ತಾರೆ. ಮಾಂಸಖಂಡವು ಬೆಳೆಯುವುದು ಬಸ್ಕಿ ಹೊಡೆಯುವ ಹೊತ್ತಿನಲ್ಲಿ ಅಲ್ಲ. ತರುವಾಯದ ಒಂದೆರಡು ದಿನಗಳ ಊಟ, ವಿಶ್ರಾಂತಿ, ನಿದ್ರೆಗಳಲ್ಲಿ. ರಾತ್ರಿ ಹನ್ನೊಂದರವರೆಗೆ ಮೊಬೈಲು ಹಿಡಿದು ಕುಳಿತು ಬೆಳಗಿನ ಐದಕ್ಕೆ ಕಣಕ್ಕಿಳಿಯುವ ಹುಡುಗನಿಗೆ ಯಾವ ಖುರಾಕೂ ಹತ್ತಲಾರದು.

ಎಣಿಕೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಒಂದು ವಿಷಯವೆಂದರೆ ಗರಡಿಯ ಹೊರಗಿನ ದುಡಿತ. ಬೈಲಹೊಂಗಲದ ಹಳ್ಳಿಯೊಂದರ ರೈತನ ಮಗನು ಶಾಲೆಯಿಂದ ಬಂದು ಹೊಲದಲ್ಲಿ ಮೇವು ಕೊಯ್ದು, ಹೊರೆ ಹೊತ್ತು, ದನಗಳಿಗೆ ನೀರು ಸೇದಿ ಹಾಕುತ್ತಾನೆ. ಅದೆಲ್ಲ ಸಾಮಿನ ಲೆಕ್ಕಕ್ಕೇ ಸೇರಬೇಕು. ಅವನಿಗೆ ಬಸ್ಕಿ ಕಡಿಮೆ, ರೊಟ್ಟಿ ಹೆಚ್ಚು. ರಾಮದುರ್ಗದ ನೇಕಾರನ ಮಗನು ಮಗ್ಗದ ಬಳಿ ಕುಳಿತು ತಂದೆಗೆ ನೆರವಾಗುವವನು. ಅವನ ಕೈ ಚುರುಕು, ಆದರೆ ಮೈಗೆ ಓಡಾಟ ಕಡಿಮೆ. ಅವನಿಗೆ ಓಟವೂ ಬಸ್ಕಿಯೂ ಹೆಚ್ಚಿರಲಿ. ಪ್ರಸಾದನಿಲಯದ ವಿದ್ಯಾರ್ಥಿಯು ದಿನವೆಲ್ಲ ಬೆಂಚಿನ ಮೇಲೆ ಕುಳಿತಿರುವವನು; ಪರೀಕ್ಷೆಯ ತಿಂಗಳಲ್ಲಿ ಅವನ ಸಾಮು ನಿಂತುಹೋಗುತ್ತದೆ, ತಟ್ಟೆ ಮಾತ್ರ ಮೊದಲಿನಂತೆಯೇ ತುಂಬುತ್ತದೆ. ಮೂವರಿಗೂ ಒಂದೇ ಅಳತೆಯ ಖುರಾಕನ್ನು ಹೇಳುವ ವಸ್ತಾದನು ಒಂದೇ ಅಂಗಿಯನ್ನು ಮೂವರಿಗೆ ಹೊಲಿಸಿದಂತೆ.

ಋತುಮಾನವೂ ಇದಕ್ಕೆ ಅನುಕೂಲವಾಗಿಯೇ ಒದಗುತ್ತದೆ. ಸಂಕ್ರಾಂತಿಯ ಸುಮಾರಿಗೆ ಎರೆಹೊಲದಲ್ಲಿ ಜೋಳದ ಸೀತನಿ, ಹಸಿಗಡಲೆಯ ಸುಲಗಾಯಿ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಚಳಿಯಲ್ಲಿ ಜಠರಾಗ್ನಿಯು ಬಲವಾಗಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆಗಲೇ ಸಾಮು ಏರಬೇಕು, ಊಟವೂ ಏರಬೇಕು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ, ರಾಮದುರ್ಗದ ಬಂಡೆಗಳು ರಾತ್ರಿಯಲ್ಲಿ ಕೂಡ ಕಾವನ್ನು ಉಗುಳುತ್ತಿರುವಾಗ, ಎರಡನ್ನೂ ಇಳಿಸತಕ್ಕದ್ದು. ಆಗ ಅಂಬಲಿ, ಮಜ್ಜಿಗೆ, ನುಚ್ಚು ಹಿತಕರ.

ಯಾವ ಹೊತ್ತಿಗೆ ಉಣ್ಣಬೇಕೆಂಬುದೂ ಮುಖ್ಯ. ಭೀಮಸೇನನು ಬಕಾಸುರನಿಗೆಂದು ಒಯ್ದ ಬಂಡಿಯನ್ನವನ್ನು ತಾನೇ ಉಂಡು, ಆ ಕೂಡಲೇ ಅವನೊಡನೆ ಹೋರಾಡಿ ಕೊಂದ ಕಥೆಯನ್ನು ಕೇಳಿ ಹುಡುಗರು ಹಿಗ್ಗುತ್ತಾರೆ. ಅದು ವಾಯುಪುತ್ರನಿಗೆ ಮಾತ್ರ ಸಲ್ಲುವ ಸಾಹಸ. ಇತರರು ತುಂಬಿದ ಹೊಟ್ಟೆಯಲ್ಲಿ ಕಣಕ್ಕಿಳಿದರೆ ವಾಂತಿಯೋ ಹೊಟ್ಟೆ ಹಿಡಿತವೋ ಖಂಡಿತ. ವೃಕೋದರನೆಂಬ ಹೆಸರನ್ನು ನೆನೆಯುವವರು ಅದೇ ಭೀಮನು ವಿರಾಟನ ಮನೆಯಲ್ಲಿ ವಲಲನೆಂಬ ಬಾಣಸಿಗನಾಗಿದ್ದುದನ್ನು ಮರೆಯುತ್ತಾರೆ. ವರ್ಷವಿಡೀ ಅಡುಗೆಮನೆಯಲ್ಲಿ ದುಡಿದವನೇ ಅಲ್ಲಿ ಜೀಮೂತನೆಂಬ ಮಲ್ಲನನ್ನು ಕೆಡಹಿದನು. ಒಲೆಯನ್ನೂ ಕಣವನ್ನೂ ಬಲ್ಲವನೊಬ್ಬನೇ ಆಗಿದ್ದನೆಂಬುದನ್ನು ಮಹಾಭಾರತದ ಓದುಗರು ಅಷ್ಟಾಗಿ ಗಮನಿಸಿದಂತಿಲ್ಲ.

ನಸುಕಿನಲ್ಲಿ ಎದ್ದ ವಿದ್ಯಾರ್ಥಿಯು ಒಂದು ಲೋಟ ನೀರು, ಬೇಕಾದರೆ ಒಂದು ಬಾಳೆಯ ಹಣ್ಣು ಅಥವಾ ತುಣುಕು ಬೆಲ್ಲ, ಇಷ್ಟನ್ನು ತೆಗೆದುಕೊಂಡು ಗರಡಿಗೆ ಹೋಗಬಹುದು. ಸಾಮು ಮುಗಿದು ಉಸಿರು ಸಮಸ್ಥಿತಿಗೆ ಬಂದ ಮೇಲೆ ಮೊಳಕೆಯೊಡೆದ ಹೆಸರು ಅಥವಾ ಕಡಲೆ, ಒಂದು ಲೋಟ ಹಾಲು. ಗಂಟೆಯೊಳಗೆ ರೊಟ್ಟಿಯೂಟ ಆಗುವಂತಿದ್ದರೆ ಇನ್ನೂ ಒಳ್ಳೆಯದು. ಸಂಜೆಯ ಸಾಮಿಗೂ ಮಧ್ಯಾಹ್ನದ ಊಟಕ್ಕೂ ಮೂರು ತಾಸಿನ ಅಂತರವಿರಲಿ. ಉಣ್ಣುವಾಗ ಹೊಟ್ಟೆಯ ಎರಡು ಪಾಲನ್ನು ಗಟ್ಟಿ ಪದಾರ್ಥಕ್ಕೂ ಒಂದು ಪಾಲನ್ನು ದ್ರವಕ್ಕೂ ಬಿಟ್ಟು, ಉಳಿದ ಪಾಲನ್ನು ಖಾಲಿ ಇರಿಸಬೇಕೆಂಬ ವಾಗ್ಭಟನ ವಿಧಿಯು ಪೈಲವಾನನಿಗೂ ಅನ್ವಯಿಸುತ್ತದೆ. ಅವನ ಹೊಟ್ಟೆ ಸ್ವಲ್ಪ ದೊಡ್ಡದು ಅಷ್ಟೆ.

ಬೆವರಿನಲ್ಲಿ ಹೋಗುವುದು ನೀರು ಮಾತ್ರವಲ್ಲ, ಉಪ್ಪು ಕೂಡ. ಸಾಮಿಗೆ ಮುಂಚೆ ಮತ್ತು ಅನಂತರ ತೂಗಿ ನೋಡಿದರೆ ಎಷ್ಟು ನೀರು ಹೋಯಿತೆಂದು ತಿಳಿಯುತ್ತದೆ. ಒಂದು ಕಿಲೋ ಇಳಿದಿದ್ದರೆ ಹೋದುದು ಹೆಚ್ಚು ಕಡಿಮೆ ಒಂದು ಲೀಟರು ನೀರು. ಅದಕ್ಕಿಂತ ತುಸು ಹೆಚ್ಚಾಗಿಯೇ, ಒಂದೂಕಾಲು ಒಂದೂವರೆ ಲೀಟರಿನಷ್ಟನ್ನು ಮೆಲ್ಲಮೆಲ್ಲಗೆ ಕುಡಿಯಬೇಕು. ಉಪ್ಪು ಜೀರಿಗೆ ಹಾಕಿದ ನೀರು ಮಜ್ಜಿಗೆಯನ್ನು ಮೀರಿಸುವ ಪಾನೀಯವನ್ನು ಇದುವರೆಗೆ ಯಾವ ಕಾರಖಾನೆಯೂ ಈ ಸೀಮೆಯವರಿಗೆ ಕೊಟ್ಟಿಲ್ಲ. ಕುಸ್ತಿಯ ದಿನಗಳು ಹತ್ತಿರ ಬಂದಾಗ ತೂಕದ ವರ್ಗಕ್ಕೆ ಇಳಿಯಲೆಂದು ನೀರು ಬಿಡುವ, ಕಂಬಳಿ ಹೊದ್ದು ಓಡಿ ಬೆವರು ಹರಿಸುವ ರೂಢಿಯೊಂದು ಮ್ಯಾಟಿನ ಕುಸ್ತಿಯ ಜೊತೆಯಲ್ಲಿ ಹರಡಿದೆ. ಇದರಷ್ಟು ಅಪಾಯಕರವಾದುದು ಇನ್ನೊಂದಿಲ್ಲ. ಅಮೇರಿಕೆಯಲ್ಲಿ ೧೯೯೭ರ ನವೆಂಬರ ಡಿಸೆಂಬರ ತಿಂಗಳುಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಹೋಗಿ ಪ್ರಾಣವನ್ನೇ ಕಳೆದುಕೊಂಡರು. ಆಮೇಲೆ ಅಲ್ಲಿಯ ನಿಯಮಗಳೇ ಬದಲಾದುವು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ ಫೋಗಾಟರು ಆಗಸ್ಟ್ ೬ರಂದು ಮೂರು ಪಂದ್ಯಗಳನ್ನು ಗೆದ್ದು ಅಂತಿಮ ಸುತ್ತಿಗೆ ಬಂದಿದ್ದರು. ರಾತ್ರಿಯೆಲ್ಲ ತೂಕ ಇಳಿಸಲು ಹೆಣಗಿದರೂ ಮರುದಿನ ಬೆಳಿಗ್ಗೆ ೫೦ ಕಿಲೋಗ್ರಾಮಿಗೆ ನೂರು ಗ್ರಾಂ ಹೆಚ್ಚಿದ್ದುದರಿಂದ ಪದಕವೇ ತಪ್ಪಿಹೋಯಿತು. ಜಗತ್ತಿನ ಶ್ರೇಷ್ಠ ತಜ್ಞರ ನೆರವಿದ್ದವರ ಗತಿಯೇ ಹೀಗಾದರೆ, ತಕ್ಕಡಿಯೂ ವೈದ್ಯನೂ ಇಲ್ಲದ ಹಳ್ಳಿಯ ಗರಡಿಯಲ್ಲಿ ಹದಿನಾಲ್ಕರ ಹುಡುಗನು ಈ ಆಟಕ್ಕೆ ಇಳಿಯಲೇಬಾರದು. ಬೆಳೆಯುವ ವಯಸ್ಸಿನವನ ತೂಕ ಏರುವುದು ಪ್ರಕೃತಿಧರ್ಮ. ಮೇಲಿನ ವರ್ಗದಲ್ಲಿ ಆಡಲಿ.

ಮೇಲೆ ಹುಡುಗನೆಂದು ಹೇಳಿದುದೆಲ್ಲ ಹುಡುಗಿಯರಿಗೂ ಅನ್ವಯಿಸುತ್ತದೆ. ಬೈಲಹೊಂಗಲ ತಾಲೂಕಿನ ಬೆಳವಡಿಯ ಮಲ್ಲಮ್ಮನು ಹದಿನೇಳನೆಯ ಶತಮಾನದಲ್ಲಿ ಮರಾಠರ ಸೇನೆಯನ್ನು ಎದುರಿಸಿದವಳು. ಸ್ತ್ರೀಯರ ಪಡೆಯನ್ನೇ ಕಟ್ಟಿದ್ದಳೆಂದು ಪರಂಪರೆಯು ಹೇಳುತ್ತದೆ. ಕಿತ್ತೂರಿನಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ರಾಣಿ ಚೆನ್ನಮ್ಮ ಬಾಲಕಿಯರ ವಸತಿ ಸೈನಿಕ ಶಾಲೆಯು ಈ ಪರಂಪರೆಗೆ ಶೋಭೆ ತಂದಿದೆ. ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಕುಸ್ತಿಯು ೨೦೦೪ರಲ್ಲಿ ಸೇರಿತು. ೨೦೧೬ರಲ್ಲಿ ಸಾಕ್ಷಿ ಮಲಿಕರು ಕಂಚನ್ನು ತಂದರು. ಸಾಮು ಮಾಡುವ ಹುಡುಗಿಯರ ವಿಷಯದಲ್ಲಿ ವಿಶೇಷವಾಗಿ ನೋಡಿಕೊಳ್ಳಬೇಕಾದುದು ಕಬ್ಬಿಣದ ಅಂಶ. ಪ್ರತಿ ತಿಂಗಳೂ ರಕ್ತ ಹೋಗುವ ದೇಹಕ್ಕೆ ಅದರ ಅಗತ್ಯ ಹೆಚ್ಚು. ಜೋಳ, ಕಾಳು, ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಅದು ದೇಹಕ್ಕೆ ಪೂರ್ತಿಯಾಗಿ ಹೀರಿಕೆಯಾಗುವುದಿಲ್ಲ. ಊಟದ ಜೊತೆಗೆ ನಿಂಬೆಯ ಹುಳಿ, ನೆಲ್ಲಿಕಾಯಿ, ಹಸಿಯ ಟೊಮೇಟೊ ಇದ್ದರೆ ಹೀರಿಕೆ ಹೆಚ್ಚುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಕುಗ್ಗುತ್ತದೆ. ಉಂಡು ಕೈತೊಳೆಯುವುದರೊಳಗಾಗಿ ಚಹಾದ ಕಪ್ಪು ಬರುವ ಈ ಸೀಮೆಯಲ್ಲಿ ಇದೊಂದು ಮಾತು ನಡೆದರೂ ಸಾಕು, ಎಷ್ಟೋ ಹುಡುಗಿಯರ ದಣಿವು ಕಡಿಮೆಯಾದೀತು. ಆದರೂ ಮುಖ ಬಿಳಿಚಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುವಂತಿದ್ದರೆ ರಕ್ತಪರೀಕ್ಷೆಯನ್ನೇ ಮಾಡಿಸಬೇಕು. ಮನೆಯಲ್ಲಿ ಹಾಲು ಕಡಿಮೆಯಾದಾಗ ಮೊದಲು ಮಗಳ ಲೋಟವನ್ನು ಕಡಿಮೆಮಾಡುವ ವಾಡಿಕೆಯ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು.

ಪೇಟೆಯ ವ್ಯಾಯಾಮಶಾಲೆಗಳಲ್ಲಿ ಮಾರುವ ಡಬ್ಬ ಪುಡಿಗಳ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಬಹುದು. ಅವುಗಳಲ್ಲಿ ಬಹುತೇಕ ಇರುವುದು ಹಾಲಿನಿಂದ ಬೇರ್ಪಡಿಸಿದ ಪ್ರೋಟೀನು. ಮೇಲಿನ ಲೆಕ್ಕದಂತೆ ಉಣ್ಣುವವನಿಗೆ ಅವುಗಳ ಅಗತ್ಯವಿಲ್ಲ, ಗೊತ್ತಿಲ್ಲದ ಕಂಪನಿಯ ಡಬ್ಬದಲ್ಲಿ ನಿಷಿದ್ಧ ದ್ರವ್ಯಗಳು ಬೆರೆತಿರುವುದೂ ಉಂಟು. ಚುಚ್ಚುಮದ್ದಿನಿಂದ ಮೈ ಉಬ್ಬಿಸುವವರ ನೆರಳಿಗೂ ವಿದ್ಯಾರ್ಥಿಯು ಹೋಗತಕ್ಕದ್ದಲ್ಲ.

ಇನ್ನುಳಿದುದು ಕುಸ್ತಿ ಬಿಟ್ಟವರ ಮಾತು. ಗರಡಿಗೆ ಸೇರಿಸುವಾಗ ಎಲ್ಲರೂ ಹೇಳುತ್ತಾರೆ. ಬಿಡುವಾಗ ಹೇಗೆ ಉಣಬೇಕೆಂದು ಹೇಳುವವರಿಲ್ಲ. ನೌಕರಿ ಸಿಕ್ಕಿತೆಂದೋ ಮೊಣಕಾಲು ಉಳುಕಿತೆಂದೋ ಮೂವತ್ತರ ಸುಮಾರಿಗೆ ಸಾಮು ನಿಲ್ಲುತ್ತದೆ. ಮಾಂಸಖಂಡಗಳು ಕೆಲವು ತಿಂಗಳಲ್ಲಿಯೇ ಕುಗ್ಗತೊಡಗುತ್ತವೆ, ಹಸಿವಿನ ಅಭ್ಯಾಸವು ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಆ ಅಂತರದಲ್ಲಿ ಉಂಡುದೆಲ್ಲ ಕೊಬ್ಬಾಗಿ ಹೊಟ್ಟೆಯ ಸುತ್ತ ಕೂಡುತ್ತದೆ. ಆದುದರಿಂದ ಸಾಮನ್ನು ಒಮ್ಮೆಲೆ ನಿಲ್ಲಿಸದೆ, ವರ್ಷದ ಅವಧಿಯಲ್ಲಿ ಹಂತಹಂತವಾಗಿ ಇಳಿಸಿ, ಊಟವನ್ನೂ ಅದರ ಜೊತೆಯಲ್ಲಿಯೇ ಇಳಿಸಬೇಕು. ಮೊದಲು ಇಳಿಯಬೇಕಾದುದು ತುಪ್ಪ ಮತ್ತು ಸಿಹಿ. ಅನಂತರ ಹಾಲಿನ ಚೊಂಬು ಲೋಟವಾಗಲಿ. ಆಮೇಲೆ ಹೊತ್ತಿಗೆ ಒಂದು ರೊಟ್ಟಿ. ಕಾಳುಪಲ್ಯ, ಸೊಪ್ಪು, ಮಜ್ಜಿಗೆಗಳು ಹಾಗೆಯೇ ಮುಂದುವರಿಯಬಹುದು. ಬೆಳಗಿನಲ್ಲಿ ಗರಡಿಗೆ ಹೋಗಿ, ಕಣವನ್ನು ಕೆದರಿ ಕೊಟ್ಟು, ಚಿಕ್ಕವರಿಗೆ ಪಟ್ಟುಗಳನ್ನು ತೋರಿಸುತ್ತ ನೂರು ಬಸ್ಕಿಗಳನ್ನು ತಾನೂ ಹೊಡೆಯುವ ಹಳೆಯ ಪೈಲವಾನನಿಗೆ ಅಷ್ಟು ಊಟವು ಅರವತ್ತು ದಾಟಿದರೂ ಅರಗುತ್ತದೆ.